ಧೈವತವೂ ಹೊಕ್ಕಿನ ನೂಲೂ

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ಕೊಳ್ಳಲು ಬಂದವರು ಕೂತಲ್ಲೇ ನೋಡಿ ಒಪ್ಪುವುದಿಲ್ಲ. ಸೆರಗು ಎತ್ತಿ, ಮಡಿಕೆ ಮಾಡಿ, ಬಾಗಿಲ ಬೆಳಕಿಗೆ ಹಿಡಿಯುತ್ತಾರೆ. ಹಾಸಿಗೆ ನೀಲಿ, ಹೊಕ್ಕಿಗೆ ಹಸಿರು ಹಾಕಿ ನೇಯ್ದಿದ್ದರೆ ಮಡಿಕೆಯ ಏರಿನಲ್ಲಿ ಒಂದು ಬಣ್ಣ, ತಗ್ಗಿನಲ್ಲಿ ಇನ್ನೊಂದು. ಅಂಗಡಿಯವರ ಬಾಯಲ್ಲಿ ಇದು ಡಬಲ್ ಶೇಡ್. ಆ ನವಿಲುಗತ್ತಿನ ಛಾಯೆಯನ್ನು ಯಾರೂ ಬಣ್ಣದ ಹಂಡೆಯಲ್ಲಿ ಅದ್ದಿ ತೆಗೆದದ್ದಲ್ಲ. ಲಾಳಿ ಓಡಿದಂತೆ ಎರಡು ಎಳೆ ಒಂದನ್ನೊಂದು ದಾಟುವಲ್ಲಿ ಅದು ಹುಟ್ಟುತ್ತದೆ. ನೋಡುವವರು ಜರುಗಿದರೆ ಅದೂ ಜರುಗುತ್ತದೆ. ಫೋಟೊ ನೋಡಿ ಸೀರೆ ತರಿಸಿಕೊಂಡವರ ತಕರಾರು ಸುಲಭಕ್ಕೆ ತೀರದಿರುವುದು ಇದಕ್ಕೇ.

ನಾದದಲ್ಲೂ ಇಂಥ ಇಬ್ಬಣ್ಣವುಂಟು. ಪಕ್ಕದ ಚಳ್ಳಕೆರೆ ತಾಲ್ಲೂಕಿನ ತಳುಕು ಕಾದಂಬರಿಕಾರ ತ.ರಾ.ಸು. ಅವರ ಮನೆತನದ ಊರು. ಅವರ ಹೆಸರಿನ ಮೊದಲ ‘ತ’ ಅದೇ ಊರು. ಅವರ ‘ಹಂಸಗೀತೆ’ ಕಾದಂಬರಿಯ ನಾಯಕ ಭೈರವಿ ವೆಂಕಟಸುಬ್ಬಯ್ಯ. ಕರ್ನಾಟಕ ಸಂಗೀತದ ಭೈರವಿ ರಾಗದಲ್ಲಿ ಏರುವಾಗ ಚತುಶ್ರುತಿ ಧೈವತ, ಇಳಿಯುವಾಗ ಶುದ್ಧ ಧೈವತ. ಎರಡೂ ‘ದ’ ಎಂದೇ ಬರೆಯುವ ಸ್ವರ. ಅವುಗಳ ಜಾಗ ತಪ್ಪಿತೋ, ಭೈರವಿಯೇ ಕೆಟ್ಟಿತು. ಓದುಗರು ಊಹಿಸಿಕೊಳ್ಳಬೇಕಿದ್ದ ಆ ಸಂಗೀತಕ್ಕೆ 1975ರಲ್ಲಿ ಜಿ.ವಿ. ಅಯ್ಯರ್ ಸಿನಿಮಾ ಮಾಡಿದಾಗ ಬಾಲಮುರಳಿಕೃಷ್ಣರ ಕಂಠ ಸಿಕ್ಕಿತು.

ಕಲ್ಲಿಗೆ ಕಂಠವಿಲ್ಲ. ಆದರೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನದ ಒಕ್ಕಣೆ ಕೇಳುವಂತಿದೆ. ಸುವರ್ಣಗಿರಿಯ ರಾಜಕುಮಾರನೂ ಅಧಿಕಾರಿಗಳೂ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳ ಆರೋಗ್ಯವನ್ನು ಮೊದಲು ವಿಚಾರಿಸುತ್ತಾರೆ. ದೇವಾನಾಂಪ್ರಿಯ ಅಶೋಕನ ಅಪ್ಪಣೆ ಬರುವುದು ಅದಾದ ಮೇಲೆ: ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆಯಿರಬೇಕು, ನಿಜ ಹೇಳಬೇಕು. (ಇಂದಿನ ಸುತ್ತೋಲೆಗಳು ಯಾರ ಆರೋಗ್ಯವನ್ನೂ ಕೇಳುವುದಿಲ್ಲ.) ಬರೆದ ಚಪಡನೂ ಸುಮ್ಮನಿಲ್ಲ. ಇಡೀ ಶಾಸನ ಬ್ರಾಹ್ಮಿಯಲ್ಲಿ, ತಾನು ಲಿಪಿಕಾರನೆಂಬ ಕೊನೆಯ ಪದ ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ! ರಾಜಾಜ್ಞೆಯ ಗಾಂಭೀರ್ಯದ ಬುಡದಲ್ಲಿ ಕಸುಬುದಾರನ ಸಣ್ಣ ಜಂಬ.

ಬರಹಕ್ಕೆ ಸಿಗದೆ ಜಾರಿಕೊಳ್ಳುವುದೂ ಇದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಹಾಡುಗಳು ಸಾವಿರಗಟ್ಟಲೆ ಬಾಯಲ್ಲಿದ್ದವು. ಕೃಷ್ಣಮೂರ್ತಿ ಹನೂರರು ಅವನ್ನು ಬರೆದುಕೊಂಡು ಪುಸ್ತಕ ಮಾಡಿದರು, ಸಾಹಿತ್ಯ ಉಳಿಯಿತು. ಆದರೆ ಸೊಲ್ಲಿನ ತುದಿಯನ್ನು ಎಷ್ಟು ಎಳೆಯಬೇಕು, ಹಿಮ್ಮೇಳದವರು ಎಲ್ಲಿ ಎತ್ತಿಕೊಳ್ಳಬೇಕು ಎಂಬುದು ಅಚ್ಚಿನ ಸಾಲಿನಲ್ಲಿ ಕಾಣುವುದಿಲ್ಲ. ಪುಸ್ತಕ ಹಿಡಿದು ಹಾಡಲು ಕೂತವರು ಪದ ಮುಂದಿದ್ದರೂ ಅಕ್ಕಪಕ್ಕದವರನ್ನು ಕೇಳಲೇಬೇಕು: ‘ಯಾವ ದಾಟೀಲಿ ಹೇಳಾದು?’