ಮೆಟ್ಟಿಲು ಅಷ್ಟೇ ಎತ್ತರ

ಫೆಬ್ರುವರಿ ಬಂತೆಂದರೆ ನಮ್ಮ ರಾಯಚೂರು ಸೀಮೆಯ ಹೈಸ್ಕೂಲು, ಪಿಯು ಕಾಲೇಜುಗಳಲ್ಲಿ ಬೀಳ್ಕೊಡುಗೆ ಸಮಾರಂಭಗಳು ಶುರುವಾಗುತ್ತವೆ. ಶಾಮಿಯಾನ, ಹಾರ, ಸರಸ್ವತಿಯ ಫೋಟೊ, ಪರೀಕ್ಷೆಗೆ ಹೊರಟ ಮಕ್ಕಳಿಗೆ ನಾಲ್ಕು ಹಿತವಚನ. ಹಿತವಚನ ಹೇಳಲು ಯಾರನ್ನಾದರೂ ಕರೆಯಬೇಕಲ್ಲ. ಈ ವರ್ಷ ನನ್ನನ್ನು ಮೂರು ಕಡೆ ಕರೆದರು: ಸಿಂಧನೂರು, ಮಸ್ಕಿ, ಲಿಂಗಸುಗೂರು. ಮೂರೂ ಊರು ಒಂದೇ ದಾರಿಯಲ್ಲಿವೆ. ಆ ದಾರಿಯ ಬಸ್ಸುಗಳಲ್ಲೇ ಓಡಾಡಿ ಓದಿದವಳು ನಾನು. ಈಗ ಶಾಸನಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಆದರೆ ಅವರು ಕರೆದದ್ದು ಶಾಸನಗಳ ಬಗ್ಗೆ ಕೇಳಲಿಕ್ಕಲ್ಲ. ಬಲಗಾಲಿಗೆ ಕ್ಯಾಲಿಪರ್ ಕಟ್ಟಿಕೊಂಡು ಬಗಲುಗೋಲು ಹಿಡಿದು ನಡೆಯುವವಳು ಪಿಎಚ್‌ಡಿ ಮಾಡುತ್ತಿದ್ದಾಳೆ ಎಂಬುದನ್ನು ಮಕ್ಕಳಿಗೆ ತೋರಿಸಲಿಕ್ಕೆ.

ಸಿಂಧನೂರಿನಲ್ಲಿ ನನ್ನನ್ನು ಪರಿಚಯಿಸಿದ ಹಿರಿಯರು ಒಳ್ಳೆಯ ಮನಸ್ಸಿನವರೇ. ಮೈಕ್ ಹಿಡಿದು ಹೇಳಿದರು: "ನೋಡ್ರಿ ಮಕ್ಕಳ, ಕಾಲಿಲ್ಲದಾಕಿ ಇಲ್ಲೀತನಕ ಬಂದಾಳ. ನಿಮಗ ದೇವರು ಕೈಕಾಲು ಎಲ್ಲಾ ಕೊಟ್ಟಾನ. ನಿಮಗೇನಾಗ್ಯದ ಧಾಡಿ?" ಚಪ್ಪಾಳೆ ಬಿತ್ತು. ನಾನು ಎದುರಿಗೆ ಕೂತಿದ್ದ ಮಕ್ಕಳ ಮುಖ ನೋಡುತ್ತಿದ್ದೆ.

ನಮ್ಮ ಕಡೆಯ ಯಾವ ತರಗತಿಗೆ ಹೋದರೂ ಗುಳೆ ಹೋದವರ ಮಕ್ಕಳು ಇರುತ್ತಾರೆ. ಅಪ್ಪ ಅವ್ವ ಬೆಂಗಳೂರಿನಲ್ಲಿ ಕಟ್ಟಡ ಕೆಲಸದಲ್ಲಿರುತ್ತಾರೆ, ಮನೆಯಲ್ಲಿ ಅಜ್ಜಿ ಮತ್ತು ಇಬ್ಬರು ಚಿಕ್ಕವರು. ಬೆಳಿಗ್ಗೆ ನೀರು ತುಂಬಿ, ರೊಟ್ಟಿ ಬಡಿದು, ತಮ್ಮನಿಗೆ ಸ್ನಾನ ಮಾಡಿಸಿ ಶಾಲೆಗೆ ಬರುವ ಹುಡುಗಿಗೆ ಕೈಕಾಲು ಗಟ್ಟಿ ಇವೆ, ನಿಜ. ಅವಳಿಗೆ ಓದಲು ಒಂದು ತಾಸು ಸಿಗುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದು ಸಿಂಧನೂರು ಭತ್ತದ ನಾಡಾಗಿದೆ. ಆದರೆ ಕಾಲುವೆಯ ನೀರು ಎಲ್ಲ ಹೊಲಕ್ಕೂ ಹತ್ತುವುದಿಲ್ಲ, ಎಲ್ಲರಿಗೂ ಹೊಲವೂ ಇಲ್ಲ. ಅಂಥ ಮನೆಯ ಹುಡುಗಿಗೆ ನನ್ನ ಸೋತ ಕಾಲನ್ನು ತೋರಿಸಿ "ನಿನಗೇನು ಧಾಡಿ" ಎಂದು ಕೇಳಿದರೆ, ನನ್ನ ಕಾಲು ಅವಳನ್ನು ಹೊಡೆಯುವ ಕೋಲಾಗುತ್ತದೆ. ನನಗೆ ಅದು ಬೇಡ.

ಇನ್ನೊಂದು ಕಾರಣಕ್ಕೂ ಆ ಮಾತು ನನಗೆ ಕಸಿವಿಸಿ ತರುತ್ತದೆ. ಮಸ್ಕಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ನನ್ನ ಹಾಗೆಯೇ ಪೋಲಿಯೊದಿಂದ ಕಾಲು ಸೋತ ಇನ್ನೊಬ್ಬಳಿದ್ದಳು. ನನಗಿಂತ ಒಂದು ವರ್ಷ ದೊಡ್ಡವಳು. ಮಗ್ಗಿ, ಪದ್ಯ, ಲೆಕ್ಕ ಎಲ್ಲದರಲ್ಲೂ ನನಗಿಂತ ಚುರುಕು. ಏಳನೆಯ ತರಗತಿ ಮುಗಿದ ಮೇಲೆ ಅವಳ ಓದು ನಿಂತಿತು. ಹೈಸ್ಕೂಲು ಮೂರು ಕಿಲೋಮೀಟರ್ ದೂರವಿತ್ತು, ಅಷ್ಟೇ ಕಾರಣ. ಅವಳಿಗೆ ಛಲ ಕಡಿಮೆಯಿತ್ತೆ? ಇಲ್ಲ. ನನಗೆ ಅಣ್ಣನಿದ್ದ, ಅಣ್ಣನಿಗೆ ಸೈಕಲ್ ಇತ್ತು. ಮೂರು ವರ್ಷ ಅವನು ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋದ. ಹತ್ತನೆಯ ತರಗತಿ ಮಹಡಿಯ ಮೇಲಿತ್ತು. ನಮ್ಮ ಕನ್ನಡ ಮಾಸ್ತರರು ಯಾರನ್ನೂ ಕೇಳದೆ, ಭಾಷಣ ಮಾಡದೆ, ಜೂನ್ ಮೊದಲ ವಾರದಲ್ಲೇ ಎಂಟನೆಯ ತರಗತಿಯನ್ನು ಮೇಲಕ್ಕೂ ಹತ್ತನೆಯದನ್ನು ಕೆಳಕ್ಕೂ ಬದಲಿಸಿಬಿಟ್ಟರು. ನನಗೆ ಸಿಕ್ಕ ಅತಿ ದೊಡ್ಡ ಪ್ರೋತ್ಸಾಹ ಅದು. ಅವತ್ತು ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಕೆಲವು ಬೆಂಚುಗಳು ಕೆಳಗಿಳಿದವು, ಕೆಲವು ಮೇಲೆ ಹೋದವು.

ಮಸ್ಕಿಯ ಸಭೆಯಲ್ಲಿ ನಾನು ನನ್ನ ಕತೆ ಹೇಳಲಿಲ್ಲ, ಆ ಊರಿನ ಕಲ್ಲಿನ ಕತೆ ಹೇಳಿದೆ. 1915ರಲ್ಲಿ, ಆಗ ಈ ಸೀಮೆಯೆಲ್ಲ ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿದ್ದಾಗ, ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರನಿಗೆ ಮಸ್ಕಿಯ ಗುಡ್ಡದಲ್ಲಿ ಬ್ರಾಹ್ಮಿ ಅಕ್ಷರಗಳ ಬಂಡೆಯೊಂದು ಕಂಡಿತು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂದಷ್ಟೇ ಇದ್ದ ರಾಜ ಅಶೋಕನೇ ಎಂಬುದು ಗಟ್ಟಿಯಾದದ್ದು ಈ ಕಲ್ಲಿನಿಂದ. ಇಲ್ಲಿ ಅಶೋಕ ಎಂಬ ಹೆಸರೇ ಕೆತ್ತಿದೆ. ಇದು ಮಸ್ಕಿಯ ಪ್ರತಿ ಮಗುವಿಗೂ ಗೊತ್ತು, ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಅಂಕ ತಂದುಕೊಡುವ ಪ್ರಶ್ನೆ. ಆದರೆ ಆ ಕಲ್ಲಿನಲ್ಲಿ ಹೆಸರಿನ ಆಚೆ ಏನಿದೆ ಎಂದು ಕೇಳಿದರೆ ಸಭೆ ಸುಮ್ಮನಾಯಿತು.

ಅದರ ಸಾರ ಇಷ್ಟು: ಧರ್ಮದಲ್ಲಿ ತೊಡಗಿದರೆ ಈ ಫಲ ಸಣ್ಣವನಿಗೂ ದಕ್ಕುತ್ತದೆ. ದೊಡ್ಡವನಿಗೆ ಮಾತ್ರ ದಕ್ಕುವುದು ಎಂದು ತಿಳಿಯಬಾರದು. ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಸಬೇಕು. ಅಶೋಕ ಹೇಳುತ್ತಿದ್ದದ್ದು ಧರ್ಮದ ಮಾತು, ಪರೀಕ್ಷೆಯ ಮಾತಲ್ಲ. ಆದರೂ ಶಾಸನ ಓದುವ ನನಗೆ ಇದರ ಕೊನೆಯ ಭಾಗ ಬಹಳ ಹಿಡಿಸುತ್ತದೆ. ನೀನೂ ಮಾಡಬಲ್ಲೆ ಎಂದು ಸಣ್ಣವನಿಗೆ ಹೇಳಿ ಕೈತೊಳೆದುಕೊಂಡಿಲ್ಲ. ದೊಡ್ಡವನಿಗೂ ಹೇಳಬೇಕು ಎಂದಿದೆ. ನಮ್ಮ ಪ್ರೇರಣೆಯ ಭಾಷಣಗಳು ಅರ್ಧ ಮಾತ್ರ ಹೇಳುತ್ತವೆ. ಕುಂಟುವ ಹುಡುಗಿಗೆ 'ಹತ್ತು' ಎನ್ನುತ್ತೇವೆ, ಮೆಟ್ಟಿಲು ಕಟ್ಟಿದವನಿಗೆ ಏನೂ ಹೇಳುವುದಿಲ್ಲ.

ಅಲ್ಲಿ ಒಬ್ಬ ಉಪನ್ಯಾಸಕರು ಎದ್ದು, "ಮತ್ತ ಗದುಗಿನ ಪುಟ್ಟರಾಜ ಗವಾಯಿ ಅಜ್ಜಾರು? ಅವರು ಸ್ವಂತ ತಪಸ್ಸಿನಿಂದ ಬೆಳೀಲಿಲ್ಲೇನ್ರೀ?" ಎಂದು ಕೇಳಿದರು. ನಮ್ಮ ಕಡೆ ಇಂಥ ಮಾತಿನಲ್ಲಿ ಅಜ್ಜಾರ ಹೆಸರು ಬಂದೇ ಬರುತ್ತದೆ, ಬರಲೇಬೇಕು. ಅವರ ತಪಸ್ಸು ಸಣ್ಣದಲ್ಲ. ಆದರೆ ಆ ಕತೆಯನ್ನು ಇಡಿಯಾಗಿ ನೋಡಿ. 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೂ ಅವರ ಅಣ್ಣನಿಗೂ ಕಣ್ಣಿರಲಿಲ್ಲ. ಹಾನಗಲ್ಲಿನ ಕುಮಾರ ಸ್ವಾಮಿಗಳು ಆ ಮಕ್ಕಳ ಕಂಠ ಗುರುತಿಸಿ, ಅನ್ನ ಹಾಕಿ, ಗುರುಗಳನ್ನು ಗೊತ್ತುಮಾಡಿಕೊಟ್ಟರು. ಪಂಚಾಕ್ಷರಿಗಳು ಮಿರಜಿನ ನೀಲಕಂಠ ಬುವಾ ಅವರಲ್ಲಿ ಹಿಂದೂಸ್ತಾನಿ ಕಲಿತರು. ಕಲಿತದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಅಂಧ ಮಕ್ಕಳನ್ನು, ಬಡ ಮಕ್ಕಳನ್ನು ಕೂಡಿಸಿಕೊಂಡು ಊರೂರು ತಿರುಗುತ್ತ ಪಾಠ ಹೇಳಿದರು. ಆ ಮಕ್ಕಳ ಊಟಕ್ಕಾಗಿ ನಾಟಕ ಕಂಪನಿ ಕಟ್ಟಿದರು. ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆಗೊಂಡಿತು. ಶಿಶುವಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜರು ಅವರ ಕೈಗೆ ಬಂದರು. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ 2010ರವರೆಗೆ ಆ ಆಶ್ರಮ ನಡೆಸಿದರು. ಭಕ್ತರು ಮಾಡಿಸಿದ ತುಲಾಭಾರದ ಹಣವೂ ಮಕ್ಕಳ ಅನ್ನಕ್ಕೇ ಹೋಯಿತು. ಅದೇ 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ನಾವು ಪದ್ಮಭೂಷಣವನ್ನು ನೆನೆಯುತ್ತೇವೆ, ಅದರ ಹಿಂದಿನ ಅನ್ನದ ಲೆಕ್ಕವನ್ನು ಮರೆಯುತ್ತೇವೆ. ಕಣ್ಣಿಲ್ಲದ ಒಬ್ಬ ಹುಡುಗ ದೊಡ್ಡ ಗಾಯಕನಾದದ್ದು ಒಂದು ಸಾಧನೆ. ಅವನ ಹಿಂದೆ ಬಂದವರೂ ಕಲಿಯುವಂತೆ ಜಾಗ, ಗುರು, ಊಟ ಮೂರನ್ನೂ ಒದಗಿಸಿದ್ದು ಅದಕ್ಕಿಂತ ದೊಡ್ಡ ಸಾಧನೆ.

ಲಿಂಗಸುಗೂರಿನಲ್ಲಿ ಮಾತು ಮುಗಿದ ಮೇಲೆ ಒಬ್ಬ ಹುಡುಗಿ ನನ್ನ ಹತ್ತಿರ ಬಂದು ನಿಂತಳು. ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುವವಳು, ಮಂದದೃಷ್ಟಿ. "ಅಕ್ಕಾ, ನಂಗ ಎಲ್ಲಾ ಬರ್ತದ. ಆದ್ರ ಮೂರು ತಾಸಿನ್ಯಾಗ ಪೇಪರ್ ಮುಗಿಯಂಗಿಲ್ಲ. ಸರ್‌ಗೆ ಕೇಳಿದ್ರ ನಾ ನೆಪ ಹೇಳ್ತೀನಿ ಅಂತ ತಿಳೀತಾರೇನೋ ಅಂತ ಅಂಜಿಕಿ" ಎಂದಳು. ನನ್ನ ಮೂರೂ ಭಾಷಣಗಳಲ್ಲಿ ಇಲ್ಲದ ನಿಜವಾದ ಪ್ರಶ್ನೆ ಅದು.

ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ, ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ಒಬ್ಬರಿಗಾದರೂ ಬೇಕಾಗಬಹುದು. 1995ರ ಕಾನೂನಿನಲ್ಲಿ ಏಳು ಬಗೆಯ ಅಂಗವಿಕಲತೆಗೆ ಮಾತ್ರ ಮಾನ್ಯತೆ ಇತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಮಂದದೃಷ್ಟಿ, ಕಲಿಕಾ ನ್ಯೂನತೆ, ತಲಸ್ಸೇಮಿಯಾ ಎಲ್ಲ ಅದರಲ್ಲಿವೆ. ವೈದ್ಯಕೀಯ ಪ್ರಮಾಣಪತ್ರದಲ್ಲಿ ಶೇ 40 ಅಥವಾ ಹೆಚ್ಚು ಎಂದಿದ್ದರೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟು, ಸರ್ಕಾರಿ ನೌಕರಿಯಲ್ಲಿ ಕನಿಷ್ಠ ಶೇ 4ರಷ್ಟು ಮೀಸಲು. ಬರೆಯಲು ತೊಡಕಿರುವವರಿಗೆ ಸಹಾಯಕ ಬರಹಗಾರರನ್ನು ಪಡೆಯುವ ಅವಕಾಶವಿದೆ. ಕೇಂದ್ರದ 2018ರ ಮಾರ್ಗಸೂಚಿಯ ಪ್ರಕಾರ ಪರೀಕ್ಷೆಯ ಪ್ರತಿ ತಾಸಿಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ. ಮೂರು ತಾಸಿನ ಪೇಪರಿಗೆ ಒಂದು ತಾಸು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಯ ಪ್ರಕರಣದಲ್ಲಿ, ಶೇ 40ರ ಗೆರೆ ಮುಟ್ಟದಿದ್ದರೂ ಬರಹಗಾರರ ನೆರವು ನಿರಾಕರಿಸುವಂತಿಲ್ಲ ಎಂದಿತು. ಇದೆಲ್ಲ ಪರೀಕ್ಷೆಯ ದಿನ ಕೇಳಿದರೆ ಸಿಗುವುದಿಲ್ಲ. ಮುಂಚೆಯೇ ಮುಖ್ಯಶಿಕ್ಷಕರ ಮೂಲಕ ಅರ್ಜಿ ಹೋಗಬೇಕು, ಯುಡಿಐಡಿ ಕಾರ್ಡ್ ಇರಬೇಕು. ಕಾರ್ಡ್ ಮಾಡಿಸುವುದು ಗೊತ್ತಾಗದಿದ್ದರೆ ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹುಡುಕಿ. ವಿಆರ್‌ಡಬ್ಲ್ಯು ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ.

"ಕೇಳಿದ್ರ ಭಿಕ್ಷಾ ಬೇಡಿದಂಗ ಆಗ್ತದಲ್ಲಕ್ಕಾ" ಎಂದಳು. ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. ಆಕೆ ಮತ್ತು ಗಂಡ ಮಾರಯ್ಯ ಇದೇ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು. ಚೆಲ್ಲಿದ ಅಕ್ಕಿ ಆಯ್ದು ಬದುಕಿದವರು. ಒಂದು ದಿನ ಮಾರಯ್ಯ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಿರುಗಿ ಕೊಟ್ಟು ಬರಲು ಹೇಳಿದಳು. ಈ ಕತೆಯನ್ನು ನಾವು ಬಡವರಿಗೆ ತೃಪ್ತಿಯ ಪಾಠ ಹೇಳಲು ಬಳಸುತ್ತೇವೆ. ನನಗೆ ಅದರಲ್ಲಿ ಬೇರೆಯೇ ಕಾಣುತ್ತದೆ. ತನ್ನ ಪಾಲು ಎಷ್ಟು ಎಂಬುದು ಆಕೆಗೆ ಖಚಿತವಾಗಿ ಗೊತ್ತಿತ್ತು. ಪಾಲಿಗಿಂತ ಹೆಚ್ಚು ಬೇಡ ಎಂದಳು, ಪಾಲೇ ಬೇಡ ಎನ್ನಲಿಲ್ಲ. "ಆ ಒಂದು ತಾಸು ನಿನ್ನ ಪಾಲು, ತಂಗಿ. ತಲೆ ಎತ್ತಿ ಕೇಳು" ಎಂದೆ. ಆಮೇಲೆ ನಾನೂ ಅವಳ ಜೊತೆ ಹೋಗಿ ಅವರ ಸರ್ ಹತ್ತಿರ ಮಾತಾಡಿದೆ. ಅವರಿಗೆ ನಿಯಮ ಗೊತ್ತಿರಲಿಲ್ಲ, ಅಷ್ಟೇ. ಮೊಬೈಲಿನಲ್ಲಿ ತೋರಿಸಿದ ಕೂಡಲೇ ಬರೆದುಕೊಂಡರು.

ಹಕ್ಕು ಕಾಗದದ ಮೇಲಿದ್ದರೆ ಸಾಲದು ಎಂಬುದೂ ನನಗೆ ಗೊತ್ತು. ನಾನು ಬರೆದ ಪರೀಕ್ಷೆಯೊಂದರಲ್ಲಿ ನನ್ನ ನಂಬರು ಮೂರನೆಯ ಮಹಡಿಯಲ್ಲಿತ್ತು. ಕೆಳಗೆ ಕೂರಿಸಿ ಎಂದು ಕೇಳಿದರೆ "ಪಟ್ಟಿ ಆಗಿಬಿಟ್ಟದ" ಎಂದರು. ಕೂತು ಕೂತು ಹತ್ತಿದೆ. ಮೊದಲ ಹದಿನೈದು ನಿಮಿಷ ಕೈ ನಡುಗುತ್ತಿತ್ತು, ಬರೆಯಲಾಗಲಿಲ್ಲ. ಆ ಪರೀಕ್ಷೆ ಪಾಸಾದೆ. ಜನ ಅದನ್ನು ನನ್ನ ಛಲ ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅದು ಕಳೆದುಹೋದ ಹದಿನೈದು ನಿಮಿಷ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ನಮ್ಮಂಥ ಹೆಣ್ಣುಮಕ್ಕಳಿಗೆ ಬಸ್ ಟಿಕೆಟಿನ ಚಿಂತೆ ತಪ್ಪಿದೆ. ನಮ್ಮ ಹಳ್ಳಿಯ ಹುಡುಗಿಯರು ಕಾಲೇಜಿಗೆ ಹೋಗುವುದು ಸಲೀಸಾಗಿದೆ. ಬಸ್ಸಿನ ಮೆಟ್ಟಿಲು ಮಾತ್ರ ಅಷ್ಟೇ ಎತ್ತರ ಇದೆ. ಇವತ್ತಿಗೂ ಯಾರಾದರೂ ಕೈ ಕೊಡಬೇಕು.

ಹಾಗೆಂದು ಮೆಟ್ಟಿಲು ಇಳಿಯುವವರೆಗೆ ಕಾಯುತ್ತ ಕೂರಿ ಎಂದು ನಾನು ಯಾರಿಗೂ ಹೇಳಲಾರೆ. ಓದುವ ಕೆಲಸ ನಾವೇ ಮಾಡಬೇಕು, ಅದನ್ನು ಅಣ್ಣನ ಸೈಕಲ್ಲೂ ಕಾಯ್ದೆಯೂ ಮಾಡಿಕೊಡುವುದಿಲ್ಲ. ರಾತ್ರಿ ಎಚ್ಚರಿದ್ದು ಓದಿದ್ದು ನಾನೇ. ಆದರೆ ಓದುವವರು ಓದುತ್ತಿರುವಾಗಲೇ ಸುತ್ತಲಿನವರು ಬೆಂಚು ಕೆಳಗಿಳಿಸಬೇಕು.

ಅದಕ್ಕೆ ಇದನ್ನು ಓದುವ ಗೆಳೆಯ ಗೆಳತಿಯರಲ್ಲಿ ಒಂದು ಮಾತು. ನಿಮಗೆ ತೊಡಕಿದ್ದರೆ ನಿಮ್ಮ ಪಾಲು ಎಷ್ಟೆಂದು ತಿಳಿದುಕೊಳ್ಳಿ, ನಾಚದೆ ಕೇಳಿ. ತೊಡಕಿಲ್ಲದಿದ್ದರೆ ನಿಮ್ಮ ಕೈಲಿ ಇನ್ನೂ ದೊಡ್ಡ ಕೆಲಸವಿದೆ. ಯಾರಿಗೋ ಬರಹಗಾರರಾಗಬಹುದು. ಪಾಠ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೊಡಬಹುದು. ಗುಳೆ ಹೋಗಿ ಬಂದವಳಿಗೆ ತಪ್ಪಿದ ಪಾಠದ ನೋಟ್ಸ್ ಕೊಡಬಹುದು. ವಿದ್ಯಾರ್ಥಿವೇತನದ ಅರ್ಜಿ ತುಂಬಿಕೊಡಬಹುದು. ಇನ್ನೂ ಸುಲಭದ ಕೆಲಸವೊಂದಿದೆ. ನಾಳೆ ತರಗತಿಗೆ ಹೋದಾಗ ಸುತ್ತ ನೋಡಿ, ನಿಮ್ಮ ಜೊತೆ ಏಳನೆಯ ತರಗತಿಯಲ್ಲಿದ್ದು ಈಗ ಇಲ್ಲದವರು ಯಾರು ಎಂದು ನೆನಪಿಸಿಕೊಳ್ಳಿ. ಅವರ ಮನೆಗೆ ಹೋಗಿ, ಯಾಕೆ ಬಿಟ್ಟಿರಿ ಎಂದು ಕೇಳಿ. ಉತ್ತರ ಬಹಳ ಸಲ ಮೂರು ಕಿಲೋಮೀಟರಿನಷ್ಟು ಸಣ್ಣದಾಗಿರುತ್ತದೆ.