ಇಗರ್ಜಿಯಲ್ಲೊಂದು ಭಾನುವಾರ

ಶಿರಸಿಯ ಸಂತ ಅಂತೋನಿ ಇಗರ್ಜಿಯ ಮುಂದೆ ನೂರಾರು ಸಲ ಓಡಾಡಿದ್ದೇನೆ. ಒಳಗೆ ಹೋದದ್ದು ಮಾತ್ರ ಮೊಮ್ಮಗನ ಗೆಳೆಯ ಕರೆದ ಮೇಲೆ. ರೂಢಿಯಂತೆ ಚಪ್ಪಲಿ ಬಾಗಿಲಲ್ಲೇ ಬಿಟ್ಟೆವು. ಒಳಗೆ ನೋಡಿದರೆ ಹಲವರ ಕಾಲಲ್ಲಿ ಚಪ್ಪಲಿ!

ಅಂದಿನ ಪೂಜೆ ಕೊಂಕಣಿಯಲ್ಲಿತ್ತು. ಹಿಂದೆಲ್ಲ ಲ್ಯಾಟಿನ್ ಭಾಷೆಯಲ್ಲೇ ನಡೆಯುತ್ತಿತ್ತು. 1962ರಿಂದ 1965ರವರೆಗೆ ರೋಮಿನಲ್ಲಿ ಸೇರಿದ ಮಹಾಸಭೆಯ ನಂತರ ಜನರ ಮಾತಿಗೆ ಬಂತು. ನಮ್ಮ ಸಂಸ್ಕೃತ ಮಂತ್ರ ನನಗಾದರೂ ಎಷ್ಟು ತಿಳಿಯುತ್ತದೆ? ಎಲ್ಲರೂ ಎದ್ದಾಗ ಎದ್ದೆವು, ಕೂತಾಗ ಕೂತೆವು. ಮಂಡಿಯೂರಲು ನನ್ನ ಮೊಣಕಾಲು ಒಪ್ಪಲಿಲ್ಲ; ತಲೆ ಬಗ್ಗಿಸಿ ಕೂತೆ.

ಆಮೇಲೆ ಜನ ಸಾಲಾಗಿ ಪರಮಪ್ರಸಾದಕ್ಕೆ ಹೊರಟರು. ಬಿಲ್ಲೆಯಂಥ ತೆಳ್ಳನೆಯ ಬಿಳಿ ರೊಟ್ಟಿ. ಅದು ಯೇಸುವಿನ ದೇಹವೆಂದು ಅವರ ನಂಬಿಕೆ. ಆ ದೀಕ್ಷೆ ಪಡೆದವರಿಗೆ ಮಾತ್ರ. ಮೊಮ್ಮಗನೂ ಎದ್ದ. ಕೈ ಹಿಡಿದು ಕೂರಿಸಿದೆ. ಮಾರಿಕಾಂಬೆಯ ಗುಡಿಯಲ್ಲಿ ಕೈಚಾಚಿ ಪ್ರಸಾದ ಪಡೆದು ರೂಢಿಯಾದವನು, ಮುಖ ಬಾಡಿತು.

"ನಾವು ಹೊರಗಿನವರು ಅಂತಲಾ ಅಜ್ಜಾ?"

ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಗೆಳೆಯನ ಪುಟ್ಟ ತಂಗಿ ಹತ್ತಿರ ಸರಿದು ಪಿಸುಗುಟ್ಟಿದಳು: "ನಂಗೂ ಇನ್ನೂ ಕೊಡೋದಿಲ್ಲ. ಮೊದಲು ಪಾಠ ಕಲೀಬೇಕು. ಇಬ್ರೂ ಇಲ್ಲೇ ಕೂತ್ಕೊಳ್ಳೋಣ."

ಇಬ್ಬರೂ ಕಾಲಾಡಿಸುತ್ತ, ಸಾಲು ಮುಗಿಯುವವರೆಗೂ ಕೂತಿದ್ದರು.