ಅಂಗಳದ ಅಂಬಾಸಿಡರ್

ಜೇವರ್ಗಿ ತಾಲ್ಲೂಕಿನ ನೆಲೋಗಿಯಂಥ ಊರಿನಲ್ಲಿ, ಅಂಗಳದಲ್ಲಿ ನಿಂತ ಕಾರು ಎತ್ತುಗಳ ಹಾಗೆ ಮನೆಯದೇ ಒಂದು ಜೀವವಾಗಿಬಿಡುತ್ತದೆ. ತೊಗರಿ ಬೆಳೆಯುವ ಹಿರಿಯರೊಬ್ಬರು ತಮ್ಮ ಅಂಬಾಸಿಡರನ್ನು ಹಾಗೆಯೇ ಸಾಕಿಕೊಂಡಿದ್ದರು. ಒಂದು ಮಳೆಯ ರಾತ್ರಿ, ಹೆರಿಗೆಯ ಬೇನೆಯೆದ್ದ ಸೊಸೆಯನ್ನು ಕರಿಮಣ್ಣಿನ ಕೆಸರು ದಾಟಿಸಿ ಕಲಬುರಗಿಗೆ ಮುಟ್ಟಿಸಿದ್ದು ಅದೇ ಕಾರು.

ಮುಂದೆ ಮಗನು ಜಪಾನಿನ ಕಾರು ಕೊಳ್ಳುವ ಮಾತೆತ್ತಿದಾಗ ಅವರು ಕೆರಳಿದರು.

"ತಮ್ಮಾ, ಇದು ನಮ್ಮ ದೇಶದ ಗಾಡಿ!"

"ಅಪ್ಪಾ, ಇದರ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಟೊಯೋಟಾ ನಮ್ಮ ಬಿಡದಿಯಾಗೇ ತಯಾರಾಗ್ತದ."

ಮಗನ ಮಾತು ಸುಳ್ಳಲ್ಲ. 1983ರ ಡಿಸೆಂಬರಿನಲ್ಲಿ ಸುಜುಕಿಯ ಸಹಯೋಗದಿಂದ ಮಾರುತಿ 800 ಬೀದಿಗಿಳಿದಂದೇ ಸ್ವದೇಶಿ, ಪರದೇಶಿ ಎಂಬ ಗೆರೆ ಮಸುಕಾಗಿತ್ತು. 1997ರಲ್ಲಿ ಟೊಯೋಟಾ ಕಿರ್ಲೋಸ್ಕರರೊಡನೆ ಕೈಗೂಡಿಸಿದ ಮೇಲೆ ಜಪಾನು ಕನ್ನಡನಾಡಿಗೇ ಬಂದು ನೆಲಸಿತು. ಇತ್ತ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಅದರ ಬಿಡಿಭಾಗಗಳನ್ನು ಹುಡುಕುವುದೇ ಒಂದು ಯಾತ್ರೆಯಾಯಿತು. ಎಣ್ಣೆಯ ಖರ್ಚು, ದುರಸ್ತಿಯ ಖರ್ಚು ಎಲ್ಲವೂ ಮಗನ ಪಕ್ಷವನ್ನೇ ವಹಿಸಿದವು. ಹಿರಿಯರಿಗೂ ಇದು ತಿಳಿಯದ್ದೇನಲ್ಲ. ಆದರೆ ಅವರ ನಿಷ್ಠೆಯ ಬೇರು ಆ ಮಳೆಯ ರಾತ್ರಿಯಲ್ಲಿತ್ತು. ಅಲ್ಲಿಗೆ ಯಾವ ಲೆಕ್ಕಾಚಾರವೂ ಮುಟ್ಟಲಾರದು.

ಕಡೆಗೂ ಹೊಸ ಕಾರು ಬಂದಿತು. ಆರತಿ ಹಿಡಿದು ಹೊರಬಂದ ಸೊಸೆ, ಯಾರೂ ಹೇಳದೆಯೇ, ಮೊದಲ ಕುಂಕುಮವನ್ನು ಹಳೆಯ ಅಂಬಾಸಿಡರಿಗಿಟ್ಟಳು, ಅನಂತರ ಹೊಸದಕ್ಕೆ. ಅಂದು ಹುಟ್ಟಿದ್ದ ಮಗು ಈಗ ಬೆಳೆದ ಹುಡುಗ. ಹೊಸ ಕಾರಿನ ಬಾಗಿಲು ತೆರೆದು ತಾತನಿಗಾಗಿ ಕಾದು ನಿಂತಿದ್ದ.

ಹಿರಿಯರು ಕಣ್ಣೊರೆಸಿಕೊಂಡು, ಮಾತಿಲ್ಲದೆ ಹೋಗಿ ಒಳಗೆ ಕುಳಿತರು.